ಮನೆಯ ಸಮೀಪದ ಔದ್ಯೋಗಿಕ ಚಿಕಿತ್ಸಕರು: ಒಂದು ಅನುಭವ, ಒಂದು ಸಲಹೆ

ಬ್ಯಾಂಕಿನಲ್ಲಿ ಖಾತೆ ತೆರೆಯುವ ಅರ್ಜಿಯಲ್ಲಿ ‘ಉದ್ಯೋಗ’ ಎಂಬ ಒಂದು ಅಂಕಣವಿರುತ್ತದೆ. ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಇಂಥ ಅರ್ಜಿಗಳನ್ನು ಪರಿಶೀಲಿಸಿ ಸಹಿ ಹಾಕುತ್ತ ಬಂದಿರುವ ನಾನು, ವಯಸ್ಸಾದ ಹೆಂಗಸರ ಅರ್ಜಿಗಳಲ್ಲಿ ಆ ಅಂಕಣದ ಮುಂದೆ ‘ಗೃಹಿಣಿ’ ಎಂದೋ, ಕೆಲವೊಮ್ಮೆ ‘ಏನೂ ಇಲ್ಲ’ ಎಂದೋ ಬರೆದಿರುವುದನ್ನು ಕಂಡು ಎಂದೂ ಎರಡನೆಯ ಬಾರಿ ಯೋಚಿಸಿದವನಲ್ಲ. ನನ್ನ ತಾಯಿಯವರ ಅರ್ಜಿಯನ್ನು ತುಂಬಿದವನೂ ನಾನೇ. ಅಲ್ಲಿಯೂ ಹಾಗೆಯೇ ಬರೆದಿದ್ದೇನೆ. 2023ರ ಆಷಾಢದಲ್ಲಿ ಅವರಿಗೆ ಪಾರ್ಶ್ವವಾಯು ಬಡಿದು, ಕೆಲವು ತಿಂಗಳ ಅನಂತರ ಒಬ್ಬ ಔದ್ಯೋಗಿಕ ಚಿಕಿತ್ಸಕಿ ನಮ್ಮ ಮನೆಗೆ ಬಂದು ಕುಳಿತು, “ಸಾರ್, ಕಾಯಿಲೆಗೆ ಮುಂಚೆ ನಿಮ್ಮ ತಾಯಿ ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಏನೇನು ಮಾಡುತ್ತಿದ್ದರು?” ಎಂದು ಕೇಳಿದಾಗ, ಉತ್ತರ ಹೇಳುವುದಕ್ಕೆ ನನಗೂ ನನ್ನ ಪತ್ನಿಗೂ ಅರ್ಧ ಗಂಟೆ ಹಿಡಿಯಿತು. ‘ಏನೂ ಇಲ್ಲ’ ಎಂಬ ಉದ್ಯೋಗದ ವಿವರ ಅಷ್ಟು ದೀರ್ಘವಾಗಿತ್ತು.

ನಾನು ವೈದ್ಯನಲ್ಲ, ವಾಣಿಜ್ಯಶಾಸ್ತ್ರ ಓದಿದವನು. ಆರೋಗ್ಯ ವಿಷಯದ ಲೇಖನಗಳಿಗೆ ಮೀಸಲಾದ ಈ ಸಂಚಿಕೆಯ ಪುಟಗಳಲ್ಲಿ ವೈದ್ಯ ಮಹನೀಯರ ನಡುವೆ ನನ್ನಂಥವನು ಲೇಖನಿ ಹಿಡಿದಿರುವುದು ಅಧಿಕಪ್ರಸಂಗವೆಂದು ವಾಚಕರಿಗೆ ತೋರಬಹುದು. ಆದರೆ ಔಷಧದ ವಿಚಾರವನ್ನು ನಾನಿಲ್ಲಿ ಹೇಳಹೊರಟಿಲ್ಲ. ಪೋರೂರು, ವಳಸರವಾಕ್ಕಂ, ರಾಮಾಪುರಂ ಮುಂತಾದ ಬಡಾವಣೆಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಿಗೆ ನಾಳೆ ಇಂಥದೇ ಅಗತ್ಯ ಒದಗಿದರೆ ನನಗೆ ಮೂರು ತಿಂಗಳು ಹಿಡಿದ ಕೆಲಸ ಅವರಿಗೆ ಮೂರು ದಿನದಲ್ಲಿ ಆಗಲಿ ಎಂಬುದಷ್ಟೇ ಇದರ ಉದ್ದೇಶ. ಜೊತೆಗೆ ನಮ್ಮ ಸಂಘದ ಮುಂದೆ ಇಡತಕ್ಕ ಒಂದು ಸಲಹೆಯೂ ಇದೆ.

ಮೊದಲಿಗೆ ಹೆಸರಿನ ವಿಚಾರ. ಆಕ್ಯುಪೇಷನಲ್ ಥೆರಪಿ ಎಂಬುದನ್ನು ಕನ್ನಡದಲ್ಲಿ ಔದ್ಯೋಗಿಕ ಚಿಕಿತ್ಸೆ ಎನ್ನುತ್ತಾರೆ. ಈ ಹೆಸರನ್ನು ಕೇಳಿದವರು ಇದು ಕಾರ್ಖಾನೆಯ ಕೆಲಸಗಾರರಿಗೆ ಸಂಬಂಧಿಸಿದ್ದೆಂದೋ, ನಿರುದ್ಯೋಗಿಗಳಿಗೆ ಕೆಲಸ ಕೊಡಿಸುವುದೆಂದೋ ತಿಳಿಯುವುದುಂಟು. ನಮ್ಮ ಶಾಖೆಯ ಸಹೋದ್ಯೋಗಿಯೊಬ್ಬರು ಹಾಗೆಯೇ ತಿಳಿದಿದ್ದರು. ಇಲ್ಲಿ ‘ಉದ್ಯೋಗ’ವೆಂದರೆ ಸಂಬಳ ತರುವ ನೌಕರಿಯಲ್ಲ. ಮನುಷ್ಯನು ದಿನದಲ್ಲಿ ಕೈಯಿಟ್ಟು ಮಾಡುವ ಸಮಸ್ತ ಕಾರ್ಯವೂ ಅದರಲ್ಲಿ ಅಡಕ. ಸ್ನಾನ, ಉಡುಗೆ, ಊಟ, ಬರವಣಿಗೆ, ಅಡಿಗೆ, ಮಗುವಿಗಾದರೆ ಆಟ ಮತ್ತು ಪಾಠ. ಫಿಸಿಯೋಥೆರಪಿಯವರು ಮುಖ್ಯವಾಗಿ ಸ್ನಾಯುಗಳ ಬಲ, ಕೀಲುಗಳ ಚಲನೆ, ನಡಿಗೆ ಇವುಗಳನ್ನು ನೋಡಿಕೊಳ್ಳುತ್ತಾರೆ. ಔದ್ಯೋಗಿಕ ಚಿಕಿತ್ಸಕರು ಆ ಬಲದಿಂದ ರೋಗಿಯು ಏನು ಮಾಡಬೇಕಾಗಿದೆಯೋ ಅದನ್ನು ಮಾಡಿಸುತ್ತಾರೆ. ಮಾಡಲಾಗದಿದ್ದರೆ ಮಾಡುವ ವಿಧಾನವನ್ನೋ, ಉಪಕರಣವನ್ನೋ, ಮನೆಯ ಏರ್ಪಾಟನ್ನೋ ಬದಲಾಯಿಸುತ್ತಾರೆ. ಎರಡಕ್ಕೂ ನಡುವೆ ಗೋಡೆಯಿಲ್ಲವಾದರೂ ಒಂದು ಇನ್ನೊಂದರ ಬದಲಿಯಲ್ಲ.

ಈ ವೃತ್ತಿಗೆ ಈ ಹೆಸರನ್ನು ಕೊಟ್ಟವರಲ್ಲಿ ಪ್ರಮುಖನಾದ ಜಾರ್ಜ್ ಬಾರ್ಟನ್ ಎಂಬ ಅಮೆರಿಕನ್ನನು ವೈದ್ಯನಲ್ಲ, ಕಟ್ಟಡಗಳ ನಕಾಶೆ ಬರೆಯುವ ವಾಸ್ತುಶಿಲ್ಪಿ. ಸ್ವತಃ ಕ್ಷಯರೋಗದಿಂದ ನರಳಿ, ದೇಹದ ಎಡಭಾಗದ ಸ್ವಾಧೀನ ತಪ್ಪಿದವನು. ತೋಟದ ಕೆಲಸ, ಮರಗೆಲಸಗಳಿಂದಲೇ ಚೇತರಿಸಿಕೊಂಡು, 1917ರಲ್ಲಿ ನ್ಯೂಯಾರ್ಕ್ ಪ್ರಾಂತದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಊರಿನ ತನ್ನ ಮನೆಯಲ್ಲಿ ಕೆಲವರನ್ನು ಕೂಡಿಸಿ ಈ ವೃತ್ತಿಯ ಮೊದಲ ಸಂಘವನ್ನು ಸ್ಥಾಪಿಸಿದನು. ಮೊದಲನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಿಂದ ಈ ಚಿಕಿತ್ಸೆ ಬೆಳೆಯಿತು. ನಮ್ಮ ದೇಶಕ್ಕೆ ಇದನ್ನು ತಂದವರು ಕಮಲಾ ನಿಂಬಕರ್. ಅವರು ಹುಟ್ಟಿನಿಂದ ಅಮೆರಿಕದವರು, ಮದುವೆಯಿಂದ ಭಾರತೀಯರಾದವರು. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ 1950ರಲ್ಲಿ ಮೊದಲ ತರಬೇತಿ ಶಾಲೆಯನ್ನು ತೆರೆದರು. 1952ರಲ್ಲಿ ಅಖಿಲ ಭಾರತ ಔದ್ಯೋಗಿಕ ಚಿಕಿತ್ಸಕರ ಸಂಘವನ್ನು ಕಟ್ಟಿದರು. ಅದೇ ವರ್ಷ ಹುಟ್ಟಿದ ವಿಶ್ವ ಒಕ್ಕೂಟದ ಸ್ಥಾಪಕ ಸದಸ್ಯ ರಾಷ್ಟ್ರಗಳಲ್ಲಿ ಭಾರತವೂ ಒಂದು. ನಮ್ಮ ನೆರೆಯ ವೇಲೂರಿನಲ್ಲಿ, 1954ರ ರಸ್ತೆ ಅಪಘಾತದಲ್ಲಿ ಸೊಂಟದ ಕೆಳಗಿನ ಸ್ವಾಧೀನ ಕಳೆದುಕೊಂಡು, ಗಾಲಿಕುರ್ಚಿಯಲ್ಲಿ ಕುಳಿತೇ ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರ್ ಮೇರಿ ವರ್ಗೀಸ್ ಅವರು 1966ರಲ್ಲಿ ಪುನರ್ವಸತಿ ಕೇಂದ್ರವನ್ನು ತೆರೆದ ಕಥೆಯನ್ನು ಹಿರಿಯ ವಾಚಕರು ಕೇಳಿರಬಹುದು. ಎಂದರೆ, ಇದು ನಿನ್ನೆ ಮೊನ್ನೆ ಬಂದ ಹೊಸ ಬೆಡಗಲ್ಲ. ಎಪ್ಪತ್ತು ವರ್ಷಗಳ ಅನಂತರವೂ ವಿದ್ಯಾವಂತರಾದ ನಮಗೆ ಇದರ ಹೆಸರು ತಿಳಿಯದಿರುವುದು ನಾಚಿಕೆಯ ಸಂಗತಿಯೆಂದು ನನ್ನನ್ನೇ ಮೊದಲು ಸೇರಿಸಿಕೊಂಡು ಹೇಳುತ್ತೇನೆ.

ಇನ್ನು ನಮ್ಮ ಮನೆಯ ಪ್ರಸಂಗ. ತಾಯಿಯವರು ಎಪ್ಪತ್ತೊಂದು ವರ್ಷದವರು, ತಿಪಟೂರಿನ ಕಡೆಯವರು. ತಂದೆಯವರು ತೀರಿಕೊಂಡ ಮೇಲೆ ನಮ್ಮೊಡನೆ ಪೋರೂರಿಗೆ ಬಂದವರು. ನಗರದ ಇನ್ನೊಂದು ಭಾಗದ ಒಂದು ಆಸ್ಪತ್ರೆಯಲ್ಲಿ ಹತ್ತು ದಿವಸ ಇದ್ದರು. ಪ್ರಾಣ ಉಳಿಸಿದ ವೈದ್ಯರ ವಿಷಯದಲ್ಲಿ ನಮಗೆ ಕೃತಜ್ಞತೆಯ ಹೊರತು ಬೇರೇನಿಲ್ಲ. ಬಿಡುಗಡೆಯ ಪತ್ರದಲ್ಲಿ ಮಾತ್ರೆಗಳ ಪಟ್ಟಿಯ ಕೆಳಗೆ ‘ಫಿಸಿಯೋಥೆರಪಿ ಮುಂದುವರಿಸುವುದು’ ಎಂಬ ಒಂದು ಸಾಲು ಇತ್ತು, ಅಷ್ಟೇ. ಔದ್ಯೋಗಿಕ ಚಿಕಿತ್ಸೆಯ ಹೆಸರೇ ಇರಲಿಲ್ಲ. ಅದನ್ನು ಕೇಳಬೇಕೆಂದು ನಮಗೆ ತಿಳಿದಿರಲೂ ಇಲ್ಲ.

ಫಿಸಿಯೋಥೆರಪಿಯ ತರುಣರೊಬ್ಬರು ಮನೆಗೆ ಬಂದು ಆರು ವಾರ ವ್ಯಾಯಾಮ ಮಾಡಿಸಿದರು. ತಾಯಿ ಕೋಲು ಹಿಡಿದು ನಡೆದಾಡುವಂತಾದರು. ಎಡಗೈ ಮಾತ್ರ ನಿಷ್ಕ್ರಿಯವಾಗಿಯೇ ಉಳಿಯಿತು. ಮಾತಿಗೆ ಏನೂ ಅಡ್ಡಿಯಿರಲಿಲ್ಲವಾದ್ದರಿಂದ ಬುದ್ಧಿಗೂ ಏನೂ ಆಗಿಲ್ಲವೆಂದು ನಾವು ಸಮಾಧಾನಪಟ್ಟುಕೊಂಡೆವು. ಬಾಗಿಲಿನ ಎಡ ಚೌಕಟ್ಟಿಗೆ ಭುಜ ತಗುಲಿಸಿಕೊಳ್ಳುತ್ತಿದ್ದರು, ಕನ್ನಡಕ ಬದಲಾಯಿಸಬೇಕೆಂದುಕೊಂಡೆವು. ಸೆರಗು ಎಡಗಡೆ ಜಾರಿದ್ದರೂ ಗಮನಿಸುತ್ತಿರಲಿಲ್ಲ, ಕಾಯಿಲೆಯ ಬೇಸರವೆಂದುಕೊಂಡೆವು. ಆ ವರ್ಷ ವರಮಹಾಲಕ್ಷ್ಮಿ ಹಬ್ಬದ ದಿನ ಬಾಳೆ ಎಲೆಯ ಮುಂದೆ ಕುಳಿತು, “ಹಬ್ಬದ ದಿನವೂ ಎಲೆಗೆ ಉಪ್ಪು ಬಡಿಸಿಲ್ಲವಲ್ಲೇ, ಉಪ್ಪಿನಕಾಯಿಯೂ ಇಲ್ಲ” ಎಂದು ಸೊಸೆಯ ಮೇಲೆ ಸಿಡುಕಿದರು. ಉಪ್ಪೂ ಉಪ್ಪಿನಕಾಯಿಯೂ ಎಲೆಯ ಎಡತುದಿಯಲ್ಲಿ, ಇರಬೇಕಾದ ಸ್ಥಾನದಲ್ಲಿಯೇ ಇದ್ದವು. ನನ್ನ ಪತ್ನಿ ಏನೋ ಹೊಳೆದಂತೆ ಎಲೆಯನ್ನು ತಿರುಗಿಸಿ ಇಟ್ಟಳು. “ಈಗ ಬಡಿಸಿದೆಯಾ?” ಎಂದರು. ಆದರೆ ಅದುವರೆಗೂ ಇದ್ದ ಪಾಯಸ ಆಗ ಅವರಿಗೆ ಇಲ್ಲವಾಗಿತ್ತು.

ಮಿದುಳಿನ ಬಲಭಾಗಕ್ಕೆ ಪೆಟ್ಟಾದಾಗ ಕಣ್ಣು ಸರಿಯಿದ್ದರೂ ಎಡಗಡೆಯ ಪ್ರಪಂಚವೇ ಗಮನದಿಂದ ಜಾರಿಹೋಗುವ ಸ್ಥಿತಿಯೊಂದುಂಟು. ರೋಗಿಗೆ ತನಗೆ ಹಾಗಾಗಿದೆಯೆಂಬ ಅರಿವೇ ಇರುವುದಿಲ್ಲ. ಗಡಿಯಾರದ ಚಿತ್ರ ಬರೆಯಿರಿ ಎಂದರೆ ಹನ್ನೆರಡೂ ಅಂಕೆಗಳನ್ನು ಬಲ ಅರ್ಧದಲ್ಲಿಯೇ ತುರುಕಿಬಿಡುತ್ತಾರೆ. ಇದು ನಮಗೆ ಆಮೇಲೆ ತಿಳಿದ ವಿಷಯ. ಹೇಳಿದವರು ಆ ಫಿಸಿಯೋಥೆರಪಿಯ ತರುಣರೇ. ಎಲೆಯ ಪ್ರಸಂಗವನ್ನು ವಿವರಿಸಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದಕ್ಕೆ ನಾನು ಸಾಲದು ಸಾರ್. ನಿಮಗೆ ಓ.ಟಿ. ಬೇಕು” ಎಂದರು. ತನ್ನ ಕಕ್ಷಿದಾರನನ್ನು ತಾನಾಗಿ ಬೇರೊಬ್ಬರ ಬಳಿಗೆ ಕಳುಹಿಸುವ ವೃತ್ತಿಪರರು ಅಪರೂಪ. ಸಾಲಕ್ಕಾಗಿ ಬಂದವನನ್ನು ಪಕ್ಕದ ಬ್ಯಾಂಕಿಗೆ ನಾವು ಕಳುಹಿಸುತ್ತೇವೆಯೇ?

ಹುಡುಕಾಟ ಆರಂಭವಾಯಿತು. ಪೋರೂರು ಈಗ ಕೆರೆಯ ದಂಡೆಯ ಹಳ್ಳಿಯಲ್ಲ. 2011ರಲ್ಲಿ ಚೆನ್ನೈ ಮಹಾನಗರಪಾಲಿಕೆಗೆ ಸೇರಿದೆ. ಪಕ್ಕದ ಮಣಪಾಕ್ಕಂನ ಕಂಪ್ಯೂಟರ್ ಕಚೇರಿಗಳಿಂದಾಗಿ ಕನ್ನಡದ ಹುಡುಗ ಹುಡುಗಿಯರು ನೂರಾರು ಸಂಖ್ಯೆಯಲ್ಲಿ ಬಂದಿದ್ದಾರೆ. 1985ರಿಂದ ಶ್ರೀ ರಾಮಚಂದ್ರ ವೈದ್ಯಕೀಯ ಕಾಲೇಜು ಇಲ್ಲಿಯೇ ಇದೆ. ಇಂಥ ಊರಿನಲ್ಲಿ ಒಬ್ಬ ಚಿಕಿತ್ಸಕರು ದೊರೆಯುವುದು ಕಷ್ಟವಾಗಲಾರದೆಂದು ಆರ್ಕಾಡ್ ರಸ್ತೆಯ ಉದ್ದಕ್ಕೂ ಫಲಕಗಳನ್ನು ಓದುತ್ತ ಹೋದೆ. ಥೆರಪಿ ಎಂಬ ಮಾತು ಇರುವ ಫಲಕಗಳಿಗೆ ಕೊರತೆಯಿರಲಿಲ್ಲ. ಒಳಗೆ ಹೋಗಿ ಕೇಳಿದರೆ ಎಲ್ಲವೂ ಮಕ್ಕಳ ಕೇಂದ್ರಗಳು. ಎಪ್ಪತ್ತೊಂದು ವರ್ಷದ ರೋಗಿ ಎಂದೊಡನೆ ಮೇಜಿನ ಹಿಂದಿನ ಹುಡುಗಿ ನಕ್ಕಳು. ಹನ್ನೆರಡು ವರ್ಷದವರೆಗೆ ಮಾತ್ರ ತೆಗೆದುಕೊಳ್ಳುತ್ತಾರಂತೆ. ಇನ್ನೊಂದು ಕಡೆ ತೆಗೆದುಕೊಳ್ಳಲು ಸಿದ್ಧರಿದ್ದರು. ಆದರೆ ಮೂವತ್ತಾರು ಬಾರಿಯ ಶುಲ್ಕವನ್ನು ಮುಂಗಡವಾಗಿ ಕಟ್ಟಬೇಕು, ರೋಗಿಯನ್ನು ಮೊದಲು ನೋಡುವ ಪ್ರಶ್ನೆಯಿಲ್ಲ. ಅಡಮಾನದ ಆಸ್ತಿಯನ್ನು ನೋಡದೆ ಸಾಲ ಮಂಜೂರು ಮಾಡಿದರೆ ನಮ್ಮನ್ನು ಅಮಾನತಿನಲ್ಲಿಡುತ್ತಾರೆ. ಮೂರನೆಯ ಕಡೆ, ತಮ್ಮ ವಿದ್ಯಾರ್ಹತೆ ಏನೆಂದು ವಿನಯದಿಂದ ಕೇಳಿದಾಗ, ಮೂರು ತಿಂಗಳ ಒಂದು ಪ್ರಮಾಣಪತ್ರವನ್ನು ಗೋಡೆಯ ಮೇಲೆ ತೋರಿಸಿದರು. ಕಡೆಗೆ ಆ ಫಿಸಿಯೋಥೆರಪಿಯ ತರುಣರೇ ತಮ್ಮ ಪರಿಚಯದ, ಐಯಪ್ಪನ್‌ತಾಂಗಲ್‌ನಲ್ಲಿ ವಾಸವಾಗಿದ್ದ ಒಬ್ಬ ಪದವೀಧರೆಯ ವಿಳಾಸ ಕೊಟ್ಟರು. ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಹತ್ತೇ ನಿಮಿಷದ ದಾರಿ. ಆದರೂ ಅವರು ನಮಗೆ ದೊರೆತದ್ದು ಅಕ್ಟೋಬರಿನಲ್ಲಿ, ಕಾಯಿಲೆಯಾಗಿ ಮೂರು ತಿಂಗಳು ಕಳೆದ ಮೇಲೆ. ಪಾರ್ಶ್ವವಾಯುವಿನ ಚೇತರಿಕೆ ಮೊದಲ ಮೂರು ತಿಂಗಳಲ್ಲಿ ಅತಿ ವೇಗವಾಗಿ ನಡೆಯುತ್ತದೆ, ಆಮೇಲೆ ನಿಧಾನವಾಗುತ್ತದೆ ಎಂಬುದನ್ನು ತಿಳಿದಾಗ ನನಗಾದ ಸಂಕಟವನ್ನು ಇಲ್ಲಿ ಬರೆಯಲಾರೆ.

ಆಕೆ ಮೊದಲ ದಿನ ಯಾವ ವ್ಯಾಯಾಮವನ್ನೂ ಮಾಡಿಸಲಿಲ್ಲ. ಅಡಿಗೆಮನೆ, ಬಚ್ಚಲು, ದೇವರ ಗೂಡು ಎಲ್ಲವನ್ನೂ ನೋಡಿದರು. ಸ್ನಾನದ ಮಣೆಯ ಬದಲು ಎತ್ತರದ ಕುರ್ಚಿ, ಗೋಡೆಗೆ ಹಿಡಿಕೆ, ಮುಂಭಾಗದಲ್ಲಿ ಅಂಟುಪಟ್ಟಿಯಿಂದ ಮುಚ್ಚುವ ರವಿಕೆ, ಇವು ಆಕೆ ಬರೆದುಕೊಟ್ಟ ಮೊದಲ ಚೀಟಿ. ರವಿಕೆ ತೊಡಿಸುವಾಗ ದುರ್ಬಲವಾದ ಕೈಯನ್ನು ಮೊದಲು ತೂರಿಸಬೇಕು, ತೆಗೆಯುವಾಗ ಕೊನೆಗೆ ಬಿಡಿಸಬೇಕು. ಎಬ್ಬಿಸುವಾಗ ಆ ಕೈಯನ್ನು ಹಿಡಿದು ಎಂದಿಗೂ ಎಳೆಯಬಾರದು, ಭುಜದ ಕೀಲು ಜಾರುತ್ತದೆ ಎಂದರು. ಮೂರು ತಿಂಗಳಿಂದ ನಾವು ಪ್ರೀತಿಯಿಂದ ಹಿಡಿದೆಳೆದು ಎಬ್ಬಿಸುತ್ತಿದ್ದುದು ಅದೇ ಕೈಯನ್ನು! ಊಟದ ತಟ್ಟೆಯ ಎಡ ಅಂಚಿಗೆ ಕೆಂಪು ಪಟ್ಟಿ ಅಂಟಿಸಿದರು. ಆ ಪಟ್ಟಿ ಕಾಣುವವರೆಗೆ ತಲೆ ತಿರುಗಿಸಿದ ಮೇಲೆಯೇ ತುತ್ತು ಎತ್ತಬೇಕೆಂಬ ಕಟ್ಟಳೆ. ದಿನಪತ್ರಿಕೆಗೂ ಹಾಗೆಯೇ, ಅಂಚಿನಲ್ಲಿ ಕೆಂಪು ಗೆರೆ. ಅಲ್ಲಿಂದ ಸಾಲು ಓದತಕ್ಕದ್ದು. ತಾಯಿಯವರು ಅದುವರೆಗೆ ಪ್ರತಿ ಸಾಲಿನ ಬಲ ಅರ್ಧವನ್ನು ಮಾತ್ರ ಓದಿ, ಈಗಿನ ಪತ್ರಿಕೆಗಳಲ್ಲಿ ತಲೆಬುಡ ಇರುವುದಿಲ್ಲವೆಂದು ದೂರುತ್ತಿದ್ದರು. ಆ ದೂರನ್ನು ನಾವೆಲ್ಲ ಒಪ್ಪಿಕೊಂಡಿದ್ದೆವು.

ಎಡಗೈಗೆ ಕೆಲಸವಾಗಿ ಆಕೆ ಆರಿಸಿದ್ದು ಹೂ ಕಟ್ಟುವುದನ್ನು. ನಮ್ಮ ತಾಯಿಯವರ ಉದ್ಯೋಗದ ಪಟ್ಟಿಯಲ್ಲಿ ಅದು ಅರವತ್ತು ವರ್ಷದ ಅನುಭವವುಳ್ಳದ್ದು. ಎಡಗೈ ಬೆರಳುಗಳಲ್ಲಿ ಹೂಗಳನ್ನು ಹಿಡಿದು ಬಲಗೈಯಿಂದ ನಾರು ಸುತ್ತುವ ಕೆಲಸದಲ್ಲಿ ಹಿಡಿತ, ಬಿಡುವಿಕೆ, ಎಡಗಡೆಗೆ ದೃಷ್ಟಿ, ಎರಡು ಕೈಗಳ ಹೊಂದಾಣಿಕೆ ಎಲ್ಲವೂ ಇವೆ ಎಂದು ಆಕೆ ವಿವರಿಸಿದರು. ಮೊದಲು ಕಾಗದದ ಸುರುಳಿ ಮತ್ತು ದಪ್ಪ ಹಗ್ಗ, ಆಮೇಲೆ ಸೇವಂತಿಗೆ, ಕಡೆಗೆ ಮಲ್ಲಿಗೆ. ಹೂವಿನ ಬುಟ್ಟಿಯನ್ನು ಬೇಕೆಂದೇ ಎಡಗಡೆ ಇಡಬೇಕು. ಕಬ್ಬಿಣದ ಗುಂಡು ಎತ್ತಿಸಿದಾಗ ಐದು ನಿಮಿಷಕ್ಕೆ ಸಾಕೆನ್ನುತ್ತಿದ್ದ ತಾಯಿ ಹೂವಿನ ಮುಂದೆ ಮುಕ್ಕಾಲು ಗಂಟೆ ಕೂರುತ್ತಿದ್ದರು. ಮಾಲೆ ಬಿಗಿಯಾಗಿ ಬರುತ್ತಿರಲಿಲ್ಲ. ಬಿಚ್ಚಿಹೋಗುತ್ತಿತ್ತು, ಬೈದುಕೊಳ್ಳುತ್ತಿದ್ದರು, ಮತ್ತೆ ಕಟ್ಟುತ್ತಿದ್ದರು.

ವಾರಕ್ಕೆ ಎರಡು ಬಾರಿಯಂತೆ ಐದು ತಿಂಗಳು, ಭೇಟಿಯೊಂದಕ್ಕೆ ಎಂಟುನೂರು ರೂಪಾಯಿ. ಒಟ್ಟು ನಲವತ್ತು ಭೇಟಿಗೆ ಮೂವತ್ತೆರಡು ಸಾವಿರ. ನಮ್ಮ ವಿಮೆಯಲ್ಲಿ ಅದರ ಒಂದು ಕಾಸೂ ಬರಲಿಲ್ಲ. ಆಸ್ಪತ್ರೆಯಲ್ಲಿ ಮಲಗಿದ್ದ ಹತ್ತು ದಿನಕ್ಕೆ ಲಕ್ಷಗಟ್ಟಲೆ ಕೊಟ್ಟ ವಿಮೆ, ಆ ಖರ್ಚಿನ ಫಲವನ್ನು ಉಳಿಸಿಕೊಳ್ಳುವ ಚಿಕಿತ್ಸೆಗೆ ಕೈಚೆಲ್ಲುವುದು ಯಾವ ಲೆಕ್ಕಶಾಸ್ತ್ರಕ್ಕೂ ಒಗ್ಗದ ಮಾತು. ಇದನ್ನು ನಾನು ಚಿಕ್ಕ ದೂರೆಂದು ಎಣಿಸುವುದಿಲ್ಲ.

ಸಮೀಪವೆಂಬುದಕ್ಕೆ ನಾನು ಇಷ್ಟು ಮಹತ್ವ ಕೊಡುತ್ತಿರುವುದೇಕೆಂದು ಕೆಲವರು ಕೇಳಬಹುದು. ಚೆನ್ನೈಯ ಸುತ್ತಮುತ್ತ ಈ ವಿದ್ಯೆಯ ಕಾಲೇಜುಗಳಿಗೆ ಕೊರತೆಯಿಲ್ಲ. ಕಾಟ್ಟಾಂಕುಳತ್ತೂರಿನ ಎಸ್.ಆರ್.ಎಂ.ನಲ್ಲಿ ಒಂದಿದೆ, ಪೂನಮಲ್ಲಿ ದಾಟಿ ಬೆಂಗಳೂರು ಹೆದ್ದಾರಿಯಲ್ಲಿರುವ ತಂಡಲಂನ ಸವೀತಾ ಸಂಸ್ಥೆಯಲ್ಲಿ ಇನ್ನೊಂದಿದೆ. ಊರಿಗೆ ಹೋಗುವಾಗಲೆಲ್ಲ ಅದರ ಮುಂದೆಯೇ ಹಾದುಹೋಗುತ್ತಿದ್ದರೂ ನಾನು ತಲೆಯೆತ್ತಿ ನೋಡಿರಲಿಲ್ಲ. ಮುಟ್ಟುಕಾಡಿನಲ್ಲಿ ಬಹುವಿಧ ಅಂಗವೈಕಲ್ಯಕ್ಕಾಗಿ 2005ರಲ್ಲಿ ಸ್ಥಾಪಿತವಾದ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಂಸ್ಥೆಯಿದೆ. ಕೆ.ಕೆ. ನಗರದಲ್ಲಿ ರಾಜ್ಯ ಸರ್ಕಾರದ ಪುನರ್ವಸತಿ ವೈದ್ಯಕೀಯ ಸಂಸ್ಥೆಯಿದೆ. ಪೋರೂರಿನವರಿಗೆ ಅದು ಅಷ್ಟೇನೂ ದೂರವಲ್ಲ. ಮೊದಲ ಪರೀಕ್ಷೆಗೆ, ಸಂದೇಹ ಬಂದಾಗ ಎರಡನೆಯ ಅಭಿಪ್ರಾಯಕ್ಕೆ ಇಂಥ ಸಂಸ್ಥೆಗಳಿಗೆ ಹೋಗಲೇಬೇಕು. ಆದರೆ ವಾರಕ್ಕೆರಡು ಸಲ, ಐದು ತಿಂಗಳ ಕಾಲ, ಅರ್ಧ ದೇಹ ಸ್ವಾಧೀನವಿಲ್ಲದ ವೃದ್ಧೆಯನ್ನು ಆಟೋದಲ್ಲಿ ಕೂರಿಸಿಕೊಂಡು, ಮೆಟ್ರೋ ರೈಲಿಗಾಗಿ ವರ್ಷಗಟ್ಟಲೆ ಅಗೆದಿದ್ದ ಆರ್ಕಾಡ್ ರಸ್ತೆಯಲ್ಲಿ ಹೋಗಿಬರುವುದನ್ನು ಊಹಿಸಿಕೊಳ್ಳಿ. ಮೂರನೆಯ ವಾರಕ್ಕೆ ರೋಗಿಯೂ ಬೇಡವೆನ್ನುತ್ತಾರೆ, ಮನೆಯವರೂ ನೆವ ಹುಡುಕುತ್ತಾರೆ. ಇದಲ್ಲದೆ, ಬೇರೊಬ್ಬರ ಕಟ್ಟಡದಲ್ಲಿ ಕಲಿತ ಕೆಲಸ ನಮ್ಮ ಬಚ್ಚಲಿನಲ್ಲಿ, ನಮ್ಮ ಒಲೆಯ ಮುಂದೆ ಬರುತ್ತದೆಂಬ ಭರವಸೆಯೇನು? ಈ ಚಿಕಿತ್ಸೆಯ ಅರ್ಧ ಭಾಗ ಮನೆಯನ್ನು ನೋಡುವುದರಲ್ಲಿಯೇ ಇದೆ.

“ಅಷ್ಟೆಲ್ಲ ಏಕೆ, ಮನೆಯವರೇ ನೋಡಿ ಕಲಿತು ಮಾಡಿಸಿದರಾಯಿತು” ಎಂದವರೂ ಇದ್ದರು. ನನಗೂ ಹಾಗೆಯೇ ಅನಿಸಿತ್ತು. ಆದರೆ ಈ ಪ್ರಶ್ನೆಯನ್ನು ನಮ್ಮ ದೇಶದಲ್ಲಿಯೇ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿ ನೋಡಿದ್ದಾರೆ. ‘ಅಟೆಂಡ್’ ಎಂಬ ಹೆಸರಿನ ಆ ಅಧ್ಯಯನದಲ್ಲಿ ಭಾರತದ ಹದಿನಾಲ್ಕು ಆಸ್ಪತ್ರೆಗಳ 1250 ಮಂದಿ ಪಾರ್ಶ್ವವಾಯು ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರ ಮನೆಯವರಿಗೆ ವಿಶೇಷ ತರಬೇತಿ ಕೊಟ್ಟರು. ಫಲಿತಾಂಶ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಆರು ತಿಂಗಳ ಅನಂತರ ಮೃತರಾದವರು ಅಥವಾ ಪರಾವಲಂಬಿಗಳಾಗಿ ಉಳಿದವರು ಎರಡು ಗುಂಪುಗಳಲ್ಲಿಯೂ ನೂರಕ್ಕೆ ನಲವತ್ತೇಳು. ತರಬೇತಿಯಿಂದ ವ್ಯತ್ಯಾಸವಾಗಲಿಲ್ಲ. ಮನೆಯವರ ಶುಶ್ರೂಷೆ ವ್ಯರ್ಥವೆಂದು ಇದರ ಅರ್ಥವಲ್ಲ. ಬಲ್ಲವರು ಮಾಡಬೇಕಾದ ಕೆಲಸವನ್ನು ಮನೆಯ ಸೊಸೆಯ ತಲೆಗೆ ಕಟ್ಟಿ ಚಿಕಿತ್ಸೆಯಾಯಿತೆಂದು ನೆಮ್ಮದಿಯಾಗಿರುವಂತಿಲ್ಲ ಎಂಬಷ್ಟನ್ನು ನಾನು ಅದರಿಂದ ಗ್ರಹಿಸಿದ್ದೇನೆ. (ಸೊಸೆ ಎಂದೇ ಬರೆದಿದ್ದೇನೆ. ಮಗನು ಎಂಟು ಗಂಟೆಗೆ ಬ್ಯಾಂಕಿಗೆ ಹೊರಟುಬಿಡುತ್ತಾನೆ.)

ಈಗ ಭಾಷೆಯ ಮಾತು. ಪರಸ್ಥಳದ ಕನ್ನಡಿಗರಿಗೆ ಇದೇ ಮುಖ್ಯವಾದದ್ದು. ನಾವು ಉದ್ಯೋಗಕ್ಕೆ ಬಂದವರು ತಮಿಳನ್ನು ಕಲಿತಿದ್ದೇವೆ, ಮಕ್ಕಳಂತೂ ನಮಗಿಂತ ಚೆನ್ನಾಗಿ ಆಡುತ್ತಾರೆ. ಎಪ್ಪತ್ತರ ಮೇಲೆ ಮಗನ ಮನೆಗೆ ಬಂದವರು ಎಲ್ಲಿ ಕಲಿಯಬೇಕು? ಔಷಧಕ್ಕೆ ಭಾಷೆ ಬೇಡ; ಮಾತ್ರೆ ಯಾವ ಭಾಷೆಯವರಲ್ಲಿಯೂ ಕರಗುತ್ತದೆ. ಈ ಚಿಕಿತ್ಸೆ ಮಾತಿನ ಮೂಲಕವೇ ನಡೆಯತಕ್ಕದ್ದು. ನೆನಪಿನ ಶಕ್ತಿಯನ್ನು ನೋಡಲು ಚಿಕಿತ್ಸಕಿ ಮೂರು ತಮಿಳು ಪದಗಳನ್ನು ಹೇಳಿ, ಐದು ನಿಮಿಷದ ಅನಂತರ ಕೇಳಿದರು. ತಾಯಿಯವರು ಒಂದನ್ನೂ ಹೇಳದೆ ಮುಖ ಗಂಟಿಕ್ಕಿಕೊಂಡು ಕುಳಿತರು. ಆಕೆ ತಮ್ಮ ಪುಸ್ತಕದಲ್ಲಿ ಏನೋ ಬರೆದುಕೊಳ್ಳುವುದರಲ್ಲಿದ್ದರು. ಆಮೇಲೆ ತಿಳಿಯಿತು. ಮೂರು ಪದಗಳಲ್ಲಿ ಒಂದು ‘ಸಾವಿ’. ತಮಿಳಿನಲ್ಲಿ ಬೀಗದ ಕೈ. “ಚೆನ್ನಾಗಿರುವ ಹುಡುಗಿ, ರೋಗಿಯ ಮುಂದೆ ಕೂತು ಸಾವು ಸಾವು ಅನ್ನುತ್ತಾಳಲ್ಲೋ” ಎಂದು ತಾಯಿ ನನ್ನನ್ನು ಕೇಳಿದರು. ವಿಷಯ ತಿಳಿದು ಚಿಕಿತ್ಸಕಿಯೂ ನಕ್ಕರು. ತಕ್ಷಣ ತಾವು ಬರೆದದ್ದನ್ನು ಹೊಡೆದುಹಾಕಿ, ನನ್ನ ಪತ್ನಿಯಿಂದ ಮೂರು ಕನ್ನಡ ಪದಗಳನ್ನು ಹೇಳಿಸಿದರು. ಮೂರನ್ನೂ ತಾಯಿ ಕ್ರಮವಾಗಿ ಒಪ್ಪಿಸಿದರು. ಆ ದಿನ ನನ್ನ ಪತ್ನಿ ಮನೆಯಲ್ಲಿ ಇರದಿದ್ದರೆ ನಮ್ಮ ತಾಯಿಯವರ ದಾಖಲೆಯಲ್ಲಿ ಮರೆವಿನ ರೋಗ ಸೇರಿಬಿಡುತ್ತಿತ್ತು. ಅದಾದ ಮೇಲೆ ಆಕೆ ತಾವೇ ಹತ್ತಿಪ್ಪತ್ತು ಕನ್ನಡ ಮಾತು ಕಲಿತರು. ‘ಇಡದು’ ಎಂಬುದಕ್ಕೆ ‘ಎಡ’ ಹತ್ತಿರವೇ ಆದ್ದರಿಂದ ಮುಖ್ಯವಾದ ಪದಕ್ಕೆ ತೊಂದರೆಯಾಗಲಿಲ್ಲ. “ಅಜ್ಜಿ, ಎಡ ನೋಡಿ” ಎಂಬುದು ನಮ್ಮ ಮನೆಯಲ್ಲಿ ಈಗಲೂ ಚಾಲ್ತಿಯಲ್ಲಿರುವ ವಾಕ್ಯ.

ನನ್ನ ವೃತ್ತಿಯಿಂದ ಒಂದು ಉದಾಹರಣೆ ಕೊಡದಿದ್ದರೆ ಮನಸ್ಸಿಗೆ ತೃಪ್ತಿಯಿಲ್ಲ. ಕೈ ಸ್ವಾಧೀನ ತಪ್ಪಿದ ಪಿಂಚಣಿದಾರರು ಹಣ ತೆಗೆಯಲಾರದೆ ಒದ್ದಾಡುವುದನ್ನು ಪ್ರತಿ ಶಾಖೆಯಲ್ಲಿಯೂ ಕಾಣುತ್ತೇವೆ. ಇಂಥವರ ಹೆಬ್ಬೆಟ್ಟಿನ ಅಥವಾ ಕಾಲಿನ ಬೆರಳಿನ ಗುರುತನ್ನು, ಬ್ಯಾಂಕಿಗೆ ಪರಿಚಿತರಾದ ಇಬ್ಬರು ಸಾಕ್ಷಿಗಳ ಸಮಕ್ಷಮ ಸ್ವೀಕರಿಸಬಹುದೆಂದೂ, ಸಾಕ್ಷಿಗಳಲ್ಲೊಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕೆಂದೂ ರಿಸರ್ವ್ ಬ್ಯಾಂಕಿನ ನಿರ್ದೇಶನವಿದೆ. ಎಪ್ಪತ್ತು ದಾಟಿದವರಿಗೆ ಮನೆಯ ಬಾಗಿಲಿನಲ್ಲಿಯೇ ಮೂಲಭೂತ ಸೇವೆ ಒದಗಿಸಬೇಕೆಂದು 2017ರ ನವೆಂಬರಿನಲ್ಲಿ ಅದೇ ಬ್ಯಾಂಕು ಸೂಚಿಸಿತು. ಈ ಸೌಲಭ್ಯಗಳನ್ನು ವಾಚಕರು ತಿಳಿದಿರುವುದು ಒಳ್ಳೆಯದು. ಆದರೆ ಬಲಗೈ ಬಿದ್ದುಹೋಗಿದ್ದ ನಿವೃತ್ತ ಅಧ್ಯಾಪಕರೊಬ್ಬರು ಒಂದು ದಿನ ನನ್ನ ಮೇಜಿನ ಮುಂದೆ ಬಂದು, ಹೆಬ್ಬೆಟ್ಟು ಒತ್ತುವುದಿಲ್ಲ, ಎಡಗೈಯಲ್ಲಿ ಸಹಿ ಮಾಡಲು ಕಲಿತಿದ್ದೇನೆ, ಮಾದರಿ ಸಹಿಯನ್ನು ಬದಲಾಯಿಸಿಕೊಳ್ಳಿ ಎಂದರು. ಕಲಿಸಿದವರು ಯಾರೆಂದು ಆಗ ನಾನು ಕೇಳಲಿಲ್ಲ. ಈಗ ಊಹಿಸಬಲ್ಲೆ. ಮೂರು ಕಡೆ ಸಹಿ ಹಾಕಲು ಅವರು ತೆಗೆದುಕೊಂಡ ಹತ್ತು ನಿಮಿಷ, ಹಿಂದಿನ ಸಾಲಿನಲ್ಲಿದ್ದವರು ಯಾರೂ ಗೊಣಗಲಿಲ್ಲ.

ಮಕ್ಕಳ ವಿಷಯವಾಗಿ ನನಗೆ ಸ್ವಂತ ಅನುಭವವಿಲ್ಲ. ಆದರೆ ಮಾತು ತಡವಾದ, ಕಣ್ಣಿಟ್ಟು ನೋಡದ ಮಗುವನ್ನು ಎತ್ತಿಕೊಂಡು ಕೇಂದ್ರದಿಂದ ಕೇಂದ್ರಕ್ಕೆ ಅಲೆಯುವ ತರುಣ ದಂಪತಿಗಳು ನಮ್ಮ ಸಂಘದಲ್ಲಿಯೇ ಇದ್ದಾರೆ. ಅವರಿಗೆ ಒಂದು ಎಚ್ಚರಿಕೆ. ಉಯ್ಯಾಲೆ, ಕುಂಚ, ಭಾರದ ಕವಚ ಇತ್ಯಾದಿಗಳನ್ನೊಳಗೊಂಡ ಇಂದ್ರಿಯ ಸಂಯೋಜನೆಯ ಚಿಕಿತ್ಸೆಗೆ ದೊರೆತಿರುವ ಆಧಾರ ಸೀಮಿತವಾದದ್ದೆಂದೂ, ಅದನ್ನು ತಂದೆತಾಯಿಗಳಿಗೆ ತಿಳಿಸಬೇಕೆಂದೂ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ ಹೇಳಿದೆ. ಅದು ನಿರರ್ಥಕವೆಂದು ಅಕಾಡೆಮಿ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ತಾನೇ ಅಂಗಿ ತೊಡುವುದು, ಚಮಚ ಹಿಡಿಯುವುದು ಹೀಗೆ ಒಂದು ಗುರಿಯನ್ನು ಬರೆದಿಟ್ಟುಕೊಂಡು, ಎರಡು ಮೂರು ತಿಂಗಳಲ್ಲಿ ಅದು ಕೈಗೂಡದಿದ್ದರೆ ಏಕೆಂದು ಕೇಳುವ ಹಕ್ಕು ತಂದೆತಾಯಿಗಳಿಗೆ ಇದೆ. ಆಟಿಸಂ, ಮಿದುಳಿನ ಲಕ್ವ, ಬೌದ್ಧಿಕ ಅಸಾಮರ್ಥ್ಯ ಮತ್ತು ಬಹುವಿಧ ವೈಕಲ್ಯವುಳ್ಳವರಿಗೆ ನ್ಯಾಷನಲ್ ಟ್ರಸ್ಟಿನ ‘ನಿರಾಮಯ’ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿಯವರೆಗೆ, ಇಂಥ ಚಿಕಿತ್ಸೆಗಳೂ ಸೇರಿದಂತೆ, ನೆರವು ಉಂಟು. ಕೋಟೂರುಪುರದ ವಿದ್ಯಾಸಾಗರ್ ಸಂಸ್ಥೆ 1985ರಿಂದ ಈ ಮಕ್ಕಳಿಗಾಗಿ ದುಡಿಯುತ್ತಿದೆ. ರಾಜ್ಯ ಸರ್ಕಾರವು ವಿಶ್ವಬ್ಯಾಂಕಿನ ನೆರವಿನಿಂದ ‘ವಿಳುದುಗಳ್’ ಎಂಬ ಸೇವಾಕೇಂದ್ರಗಳನ್ನು ತೆರೆದಿದೆ. 2021ರಲ್ಲಿ ಕೃಷ್ಣಗಿರಿ ಜಿಲ್ಲೆಯಲ್ಲಿ ಆರಂಭವಾದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ ಫಿಸಿಯೋಥೆರಪಿಯನ್ನು ಮನೆ ಬಾಗಿಲಿಗೆ ತಂದಿತು. ನಮ್ಮ ಕನ್ನಡಿಗರು ಇವನ್ನು ಕೇಳಿ ಪಡೆಯುವುದರಲ್ಲಿ ಹಿಂದೆ. ಪರಊರಿನವರಿಗೆ ಕೊಡುವುದಿಲ್ಲವೆಂಬ ಭಾವನೆಯೊಂದು ನಮ್ಮಲ್ಲಿದೆ. ವಿಳಾಸದ ದಾಖಲೆಯನ್ನು ಕೇಳುತ್ತಾರೆಯೇ ಹೊರತು ಜಾತಕವನ್ನಲ್ಲ.

ಅರ್ಹತೆಯನ್ನು ತಿಳಿಯುವ ಬಗೆಯನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಬಿ.ಓ.ಟಿ. ಎಂಬ ಪದವಿ ಬಹುಕಾಲ ನಾಲ್ಕೂವರೆ ವರ್ಷದ ವ್ಯಾಸಂಗವಾಗಿ ನಡೆದುಬಂದದ್ದು. ಅದರ ಮೇಲೆ ಎಂ.ಓ.ಟಿ. ಇದೆ. ಅಖಿಲ ಭಾರತ ಸಂಘದ ಸದಸ್ಯತ್ವ ಇದೆಯೇ ಎಂದು ಕೇಳಬಹುದು. 2021ರ ಕೇಂದ್ರ ಕಾಯಿದೆಯೊಂದು ಈ ವೃತ್ತಿಯನ್ನೂ ಫಿಸಿಯೋಥೆರಪಿಯನ್ನೂ ರಾಷ್ಟ್ರೀಯ ಆಯೋಗದ ವ್ಯಾಪ್ತಿಗೆ ತಂದಿದೆ. ಪ್ರಮಾಣಪತ್ರ ಕೇಳಿದರೆ ಅರ್ಹರಾದವರು ಕೋಪಿಸಿಕೊಳ್ಳುವುದಿಲ್ಲ. ನಮ್ಮ ಚಿಕಿತ್ಸಕಿ ಕೇಳುವ ಮೊದಲೇ ತೋರಿಸಿದರು. ವಯಸ್ಕರನ್ನು, ಪಾರ್ಶ್ವವಾಯುವಿನವರನ್ನು ನೋಡಿದ ಅನುಭವ ಎಷ್ಟು, ಮನೆಗೆ ಬರುತ್ತಾರೆಯೇ, ಗುರಿಯೇನೆಂದು ಬರೆದುಕೊಡುತ್ತಾರೆಯೇ ಎಂಬುವನ್ನೂ ಕೇಳಬೇಕು. ಎಲ್ಲಕ್ಕಿಂತ ಮೊದಲು, ಆಸ್ಪತ್ರೆಯಿಂದ ಹೊರಡುವ ದಿನ ವೈದ್ಯರನ್ನು ಕೇಳಿ ಆ ಪತ್ರದಲ್ಲಿ ಔದ್ಯೋಗಿಕ ಚಿಕಿತ್ಸೆಯ ಸಾಲನ್ನು ಬರೆಸಿಕೊಳ್ಳಬೇಕು.

ಇನ್ನು ಸಂಘಕ್ಕೆ ನನ್ನ ಸಲಹೆ. ನಾವು ರಾಜ್ಯೋತ್ಸವ ಮಾಡುತ್ತೇವೆ, ನಾಟಕ ಆಡಿಸುತ್ತೇವೆ, ಯುಗಾದಿಗೆ ಹೋಳಿಗೆ ಊಟ ಹಾಕುತ್ತೇವೆ. ಈ ಸ್ಮರಣ ಸಂಚಿಕೆಯಲ್ಲಿ ಒಡವೆ ಅಂಗಡಿಗಳ ಮತ್ತು ಕಲ್ಯಾಣಮಂಟಪಗಳ ಜಾಹೀರಾತುಗಳಿಗೆ ಎಷ್ಟೊಂದು ಪುಟಗಳಿವೆ! (ಅವಿಲ್ಲದೆ ಸಂಚಿಕೆಯೇ ಇಲ್ಲವೆಂಬುದನ್ನು ಖಜಾಂಚಿಯವರು ನನಗೆ ನೆನಪಿಸಿದ್ದಾರೆ.) ಪ್ರತಿ ವರ್ಷ ಒಂದೇ ಒಂದು ಪುಟವನ್ನು ಮೀಸಲಿಡೋಣ. ಬಡಾವಣೆಯ ಕ್ರಮದಲ್ಲಿ ಔದ್ಯೋಗಿಕ ಚಿಕಿತ್ಸಕರು, ಫಿಸಿಯೋಥೆರಪಿಯವರು, ವಾಕ್ ಚಿಕಿತ್ಸಕರು ಇವರ ಪಟ್ಟಿ. ಅವರ ಒಪ್ಪಿಗೆ ಪಡೆದು, ಪದವಿಯನ್ನು ಪರಿಶೀಲಿಸಿ, ಮಕ್ಕಳಿಗೋ ವಯಸ್ಕರಿಗೋ, ಮನೆಗೆ ಬರುತ್ತಾರೋ ಇಲ್ಲವೋ, ಯಾವ ಭಾಷೆ ಬಲ್ಲರು ಎಂಬ ವಿವರಗಳೊಡನೆ. ಹಣ ಪಡೆದು ಯಾರ ಹೆಸರನ್ನೂ ಸೇರಿಸಕೂಡದು. ಎರಡನೆಯದಾಗಿ, ತಮಿಳು ಕನ್ನಡ ಎರಡನ್ನೂ ಬಲ್ಲ ನಾಲ್ಕೈದು ಮಂದಿ ಮಹಿಳೆಯರು ಮುಂದೆ ಬಂದರೆ, ಮೊದಲ ಭೇಟಿಯ ದಿನ ರೋಗಿಯ ಪಕ್ಕದಲ್ಲಿ ಕುಳಿತು ದುಭಾಷಿಯ ಕೆಲಸ ಮಾಡಬಹುದು. ಸಾಂಸ್ಕೃತಿಕ ಸಂಘಕ್ಕೆ ಇದು ಸಂಬಂಧಿಸಿದ್ದೇ ಎಂದು ಕಾರ್ಯಕಾರಿ ಸಮಿತಿಯ ಹಿರಿಯರೊಬ್ಬರು ಆಕ್ಷೇಪಿಸಿದರು. ಭಾಷೆ ಬಾರದ ಊರಿನಲ್ಲಿ, ಅರ್ಧ ದೇಹ ಸ್ವಾಧೀನ ತಪ್ಪಿ ಮಲಗಿದ ವೃದ್ಧೆಗೆ ತನ್ನ ಭಾಷೆಯಲ್ಲಿ ಒಂದು ಪ್ರಶ್ನೆಯನ್ನು ಕೇಳಿಸುವುದು ಕನ್ನಡದ ಕೆಲಸವಲ್ಲದೆ ಮತ್ತಾವುದೆಂದು ನಾನು ಮರುಪ್ರಶ್ನೆ ಹಾಕಿದೆ. ಚರ್ಚೆ ಮುಂದಿನ ಸಭೆಗೆ ಹೋಗಿದೆ.

ತಾಯಿಯವರು ಪೂರ್ತಿ ಗುಣವಾದರೇ ಎಂದು ಕೇಳುವವರಿಗೆ: ಇಲ್ಲ. ಎಡಗೈಯಲ್ಲಿ ಲೋಟ ಹಿಡಿಯಲಾರರು, ಸೀರೆಯ ನೆರಿಗೆಯನ್ನು ಸೊಸೆಯೇ ಹಿಡಿಯಬೇಕು. ಒಲೆಯ ಮುಂದೆ ಒಬ್ಬರನ್ನೇ ಬಿಡಬಾರದೆಂದು ಚಿಕಿತ್ಸಕಿ ಸ್ಪಷ್ಟವಾಗಿ ಹೇಳಿಹೋಗಿದ್ದಾರೆ. ಎಡಗಡೆಯ ಉರಿ ಅವರ ಗಮನಕ್ಕೆ ಬಾರದೆ ಹೋಗಬಹುದು. ಊಟವನ್ನು ತಾವೇ ಮಾಡುತ್ತಾರೆ, ತಟ್ಟೆಯಲ್ಲಿ ಏನೂ ಉಳಿಯುವುದಿಲ್ಲ. ಸ್ನಾನಕ್ಕೆ ಬಾಗಿಲ ಹೊರಗೆ ಒಬ್ಬರು ನಿಂತರೆ ಸಾಕು. 2024ರ ಯುಗಾದಿಗೆ ದೇವರ ಪಟಕ್ಕೆ ಒಂದು ಮೊಳ ಮಲ್ಲಿಗೆ ಮಾಲೆ ಅವರೇ ಕಟ್ಟಿದ್ದು; ಮಧ್ಯಾಹ್ನದ ಹೊತ್ತಿಗೆ ಅರ್ಧ ಉದುರಿತ್ತು.

ನಾನು ಬ್ಯಾಂಕಿನ ಹಳೆಯ ಲೆಡ್ಜರ್ ಪುಸ್ತಕವೊಂದರಲ್ಲಿ ಇದುವರೆಗೆ ಹನ್ನೊಂದು ಹೆಸರುಗಳನ್ನು ಗುರುತಿಸಿಕೊಂಡಿದ್ದೇನೆ. ಅವುಗಳಲ್ಲಿ ವಯಸ್ಕರನ್ನು ನೋಡುವವರು ಮೂವರೇ. ಆವಡಿ, ಅಂಬತ್ತೂರು, ತಾಂಬರಂ ಕಡೆಯ ಒಂದು ಹೆಸರೂ ಇಲ್ಲ. ಆ ಭಾಗಗಳ ಸದಸ್ಯರಿಗೆ ತಿಳಿದಿದ್ದರೆ ಮುಂದಿನ ಸಭೆಗೆ ಬರುವಾಗ ಬರೆದು ತರಬೇಕಾಗಿ ಕೋರುತ್ತೇನೆ.